‘ಅನ್‌ಲಿಮಿಟೆಡ್’ ಅಂದ್ರು, ತಿಂಗಳ ಕೊನೆಗೆ ನೆಟ್ ಸ್ಲೋ: ಡೇಟಾ ಮುಗಿದಿದೆಯಾ, ಲೈನ್ ಕೆಟ್ಟಿದೆಯಾ? ಪತ್ತೆ ಹಚ್ಚೋದು ಹೇಗೆ, ದೂರು ಎಲ್ಲಿ?

ಶಿವಮೊಗ್ಗ: ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಮನೆಗೋ ಅಂಗಡಿಗೋ ಫೈಬರ್ ನೆಟ್ ಹಾಕಿಸಿದವರಿಗೆ ಈ ಮಾತುಕತೆ ಹೊಸದಲ್ಲ. ತಿಂಗಳ ಮೂರನೇ ವಾರ ದಾಟುತ್ತಿದ್ದಂತೆ ಕೇಬಲ್‌ನವರಿಗೆ ಫೋನ್ ಹೋಗುತ್ತದೆ.

‘ಏನಣ್ಣಾ, ನೆಟ್ ಪೂರಾ ಸ್ಲೋ ಆಗಿದೆಯಲ್ಲ. ಅಂಗಡಿ ಕ್ಯಾಮೆರಾ ಮೊಬೈಲಲ್ಲಿ ಓಪನ್ನೇ ಆಗ್ತಿಲ್ಲ.’

‘ನಿಮ್ದು ಡೇಟಾ ಖಾಲಿ ಆಗಿರ್ಬೇಕು ಮಾರಾಯ್ರೆ. ಸ್ವಲ್ಪ ದೊಡ್ಡ ಪ್ಲಾನ್ ಹಾಕ್ಸಿ.’

‘ಹಾಕ್ಸುವಾಗ ಅನ್‌ಲಿಮಿಟೆಡ್ ಅಂದಿದ್ರಲ್ಲ?’

‘ಅನ್‌ಲಿಮಿಟೆಡ್ಡೇ. ಸ್ಪೀಡ್ ಮಾತ್ರ ಕಮ್ಮಿ ಆಗುತ್ತೆ.’

ಮಾತು ಇಲ್ಲಿಗೆ ಮುಗಿಯುತ್ತದೆ. ನೆಟ್ ಕೊಟ್ಟವರು ಊರಿನವರೇ, ಮದುವೆ-ಮುಂಜಿಗೆ ಎದುರು ಸಿಗುವವರು. ಜಗಳ ಯಾಕೆ ಅಂತ ಗ್ರಾಹಕರು ತಿಂಗಳಿಗೆ ನೂರು-ಇನ್ನೂರು ಹೆಚ್ಚು ಕೊಟ್ಟು ದೊಡ್ಡ ಪ್ಲಾನ್‌ಗೆ ಹೋಗುತ್ತಾರೆ. ಆದರೆ ನೆಟ್ ಸ್ಲೋ ಆಗಲು ಡೇಟಾ ಮಿತಿ ಒಂದೇ ಕಾರಣ ಅಲ್ಲ. ಲೈನ್ ಕೆಟ್ಟಿದ್ದರೆ, ಸಂಜೆ ಹೊತ್ತು ದಟ್ಟಣೆ ಆಗುತ್ತಿದ್ದರೆ, ವೈಫೈ ಗೋಡೆ ದಾಟದಿದ್ದರೆ ದೊಡ್ಡ ಪ್ಲಾನ್ ಹಾಕಿಸಿದರೂ ನೆಟ್ ಹಾಗೇ ಇರುತ್ತದೆ, ದುಡ್ಡು ಮಾತ್ರ ಹೋಗುತ್ತದೆ.

ಹಾಗಾಗಿ ಹೆಚ್ಚು ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ನಿಜವಾಗಿಯೂ ಮಿತಿ ಮುಗಿದಿದೆಯಾ? ಅದನ್ನು ಗ್ರಾಹಕರೇ ಮನೆಯಲ್ಲಿ ಕೂತು ನೋಡಿಕೊಳ್ಳಬಹುದು.

ಮಿತಿ ಇರೋದು ಎಲ್ಲಿ?

ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ‘ಅನ್‌ಲಿಮಿಟೆಡ್’ ಅಂದರೆ ತಿಂಗಳಿಡೀ ನೆಟ್ ಬಂದ್ ಆಗುವುದಿಲ್ಲ ಅಂತ ಅರ್ಥ. ತಿಂಗಳಿಡೀ ಒಂದೇ ಸ್ಪೀಡ್ ಇರುತ್ತದೆ ಅಂತ ಅಲ್ಲ. ಇಷ್ಟು ಜಿಬಿವರೆಗೆ ಪೂರ್ತಿ ಸ್ಪೀಡ್, ಅದು ದಾಟಿದರೆ ಕಡಿಮೆ ಸ್ಪೀಡ್. ಇದಕ್ಕೆ ‘ಫೇರ್ ಯೂಸೇಜ್ ಪಾಲಿಸಿ’, ಚಿಕ್ಕದಾಗಿ ಎಫ್‌ಯುಪಿ ಅನ್ನುತ್ತಾರೆ. ರಸೀದಿಯಲ್ಲಿ, ಆ್ಯಪ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರುವುದು ಇದೇ.

ಲ್ಯಾಂಡ್‌ಲೈನ್ ತಂತಿಯಲ್ಲಿ ನೆಟ್ ಬರುತ್ತಿದ್ದ ಕಾಲದಲ್ಲಿ ಈ ಮಿತಿ ಕೆಲವೇ ಜಿಬಿ ಇರುತ್ತಿತ್ತು. ಫೈಬರ್ ಬಂದ ಮೇಲೆ ಲೆಕ್ಕ ಬದಲಾಯಿತು. ಈಗ ದೊಡ್ಡ ಕಂಪನಿಗಳ ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಮಿತಿ ಸಾಮಾನ್ಯ. ಕಡಿಮೆ ಬೆಲೆಯ ಹಳ್ಳಿ ಪ್ಲಾನ್‌ಗಳಲ್ಲಿ, ತಂತಿ ಇಲ್ಲದೆ ಮಾಳಿಗೆ ಮೇಲೆ ಡಬ್ಬಿ ಕೂರಿಸಿ ಕೊಡುವ ಏರ್‌ಫೈಬರ್ ಪ್ಲಾನ್‌ಗಳಲ್ಲಿ 1000 ಜಿಬಿ ಸುತ್ತಮುತ್ತ ಇರುವುದುಂಟು. ಸಣ್ಣ ಕಂಪನಿಗಳದ್ದು ಒಂದೊಂದು ಥರ.

ಕಂಪನಿಗಳು ಮಿತಿ ಇಡೋದಕ್ಕೂ ಕಾರಣ ಇದೆ. ಫೈಬರ್ ಒಂದೊಂದು ಮನೆಗೆ ಪ್ರತ್ಯೇಕ ಬರುವುದಿಲ್ಲ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆ ಸುಮಾರು 2.5 ಜಿಬಿಪಿಎಸ್ ಹೊತ್ತು ತರುತ್ತದೆ. ಅದನ್ನು ಕಂಬದ ಮೇಲಿನ ಡಬ್ಬಿಯಲ್ಲಿ ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೆ ಹಂಚುತ್ತಾರೆ. ತೋಟದ ಒಂದೇ ಬೋರ್‌ವೆಲ್ ನೀರನ್ನು ಹತ್ತಾರು ಕವಲಿಗೆ ಬಿಟ್ಟ ಹಾಗೆ. ಒಬ್ಬರೇ ಹಗಲು ರಾತ್ರಿ ಎಳೆದರೆ ಉಳಿದವರಿಗೆ ಕಡಿಮೆ ಆಗುತ್ತದೆ. ಮಿತಿ ಇಡುವುದು ತಪ್ಪಲ್ಲ. ಅದನ್ನು ಹೇಳದೆ ಇಡುವುದು ತಪ್ಪು.

ಒಂದು ಮನೆಗೆ ತಿಂಗಳಿಗೆ ಎಷ್ಟು ಬೇಕು?

ಟಿವಿಯಲ್ಲಿ ಎಚ್‌ಡಿ ಸಿನಿಮಾ ನೋಡಿದರೆ ಗಂಟೆಗೆ ಹೆಚ್ಚೂಕಡಿಮೆ 3 ಜಿಬಿ ಹೋಗುತ್ತದೆ. 4ಕೆ ಟಿವಿಯಲ್ಲಿ ಅದೇ ಗುಣಮಟ್ಟದಲ್ಲಿ ನೋಡಿದರೆ 7 ಜಿಬಿವರೆಗೂ ಹೋಗಬಹುದು. ಮೊಬೈಲ್‌ನಲ್ಲಿ ಸಾಧಾರಣ ಗುಣಮಟ್ಟದ ವಿಡಿಯೊಗೆ, ಕಂಪ್ಯೂಟರ್‌ನ ವಿಡಿಯೊ ಮೀಟಿಂಗ್‌ಗೆ ಗಂಟೆಗೆ 1 ಜಿಬಿ ಅಂತ ಹಿಡಿಯಬಹುದು.

ಒಂದು ಮನೆಯ ಲೆಕ್ಕ ಹೀಗೆ ಹಾಕೋಣ. ದಿನಕ್ಕೆ ನಾಲ್ಕು ಗಂಟೆ ಟಿವಿ: 12 ಜಿಬಿ, ತಿಂಗಳಿಗೆ 360. ಇಬ್ಬರು ದಿನಕ್ಕೆ ಮೂರು ಮೂರು ಗಂಟೆ ಮೊಬೈಲ್ ವಿಡಿಯೊ: 6 ಜಿಬಿ, ತಿಂಗಳಿಗೆ 180. ಬೆಂಗಳೂರಿನ ಕಂಪನಿಗೆ ಊರಿಂದಲೇ ಕೆಲಸ ಮಾಡುವ ಮಗನೋ ಸೊಸೆಯೋ ಇದ್ದು, ದಿನಕ್ಕೆ ಮೂರು ಗಂಟೆ ಮೀಟಿಂಗ್, 22 ದಿನ: 66 ಜಿಬಿ. ಒಟ್ಟು 606 ಜಿಬಿ.

ಅಂದರೆ ಇಷ್ಟೆಲ್ಲ ಬಳಸಿದರೂ 1000 ಜಿಬಿ ಪ್ಲಾನ್ ಮುಗಿಯುವುದಿಲ್ಲ, 3300ರ ಮಾತಂತೂ ದೂರ. ಇಂಥ ಮನೆಗೆ ‘ಡೇಟಾ ಖಾಲಿ’ ಅಂತ ಹೇಳಿದರೆ ಎರಡರಲ್ಲಿ ಒಂದು ಆಗಿರಬೇಕು. ಮನೆಯವರಿಗೆ ಗೊತ್ತಿಲ್ಲದೆ ಬೇರೆ ಏನೋ ಡೇಟಾ ಎಳೆಯುತ್ತಿದೆ. ಅಥವಾ ಸಮಸ್ಯೆ ಡೇಟಾದ್ದಲ್ಲ.

ಅಂಗಡಿಯವರು ನೋಡಬೇಕಾದ್ದು ಕ್ಯಾಮೆರಾ

ಅಂಗಡಿಗಳಲ್ಲಿ ಹೀಗೆ ಗೊತ್ತಿಲ್ಲದೆ ಡೇಟಾ ಎಳೆಯುವುದು ಹೆಚ್ಚಾಗಿ ಸಿಸಿಟಿವಿ. ಅದೂ ಎಲ್ಲ ಸಿಸಿಟಿವಿ ಅಲ್ಲ.

ಡಿವಿಆರ್ ಡಬ್ಬಿ ಇಟ್ಟು ಅದರ ಹಾರ್ಡ್‌ಡಿಸ್ಕ್‌ಗೆ ರೆಕಾರ್ಡ್ ಮಾಡುವ ಕ್ಯಾಮೆರಾಗಳು ರೆಕಾರ್ಡಿಂಗ್‌ಗೆ ನೆಟ್ ಬಳಸುವುದಿಲ್ಲ. ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ನೋಡಿದಾಗ ಮಾತ್ರ ಡೇಟಾ ಹೋಗುತ್ತದೆ. ಆದರೆ ಆನ್‌ಲೈನ್‌ನಲ್ಲಿ ತರಿಸಿ ವೈಫೈಗೆ ಜೋಡಿಸುವ ಸಣ್ಣ ಕ್ಯಾಮೆರಾಗಳನ್ನು ಕ್ಲೌಡ್‌ನಲ್ಲಿ 24 ಗಂಟೆ ರೆಕಾರ್ಡ್ ಆಗುವಂತೆ ಇಟ್ಟಿದ್ದರೆ ಹಗಲೂ ರಾತ್ರಿ ಡೇಟಾ ಹೊರಗೆ ಹೋಗುತ್ತಲೇ ಇರುತ್ತದೆ.

ಒಂದು ಕ್ಯಾಮೆರಾ 1 ಎಂಬಿಪಿಎಸ್ ವೇಗದಲ್ಲಿ ಕಳಿಸುತ್ತಿದೆ ಅಂತ ಇಟ್ಟುಕೊಂಡರೆ ದಿನಕ್ಕೆ 10.8 ಜಿಬಿ, ತಿಂಗಳಿಗೆ 324 ಜಿಬಿ. ನಾಲ್ಕು ಕ್ಯಾಮೆರಾ ಇದ್ದರೆ ದಿನಕ್ಕೆ 43.2 ಜಿಬಿ. 1000 ಜಿಬಿ ಪ್ಲಾನ್ ಆದರೆ 23ನೇ ದಿನ ದಾಟುತ್ತಿದ್ದಂತೆ ಕ್ಯಾಮೆರಾಗಳೇ ಅದನ್ನು ಮುಗಿಸಿರುತ್ತವೆ. ಅಂಗಡಿ ಹಿಂದೆಯೇ ಮನೆ ಇದ್ದು, ಮೇಲೆ ಹೇಳಿದ ಮನೆ ಬಳಕೆಯೂ ಅದೇ ಲೈನ್‌ನಲ್ಲಿ ನಡೆದರೆ ಮಿತಿ 16ನೇ ದಿನದ ಹೊತ್ತಿಗೇ ಮುಗಿಯುತ್ತದೆ.

ಇಲ್ಲಿ ಬಹಳ ಜನ ಗಮನಿಸದ ವಿಷಯ ಒಂದಿದೆ. ಹೆಚ್ಚಿನ ಪ್ಲಾನ್‌ಗಳಲ್ಲಿ ಡೌನ್‌ಲೋಡ್ ಮಾತ್ರ ಅಲ್ಲ, ಅಪ್‌ಲೋಡ್ ಕೂಡ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ‘ನಾವು ಸಿನಿಮಾನೇ ನೋಡಲ್ಲ’ ಅನ್ನುವ ಅಂಗಡಿಯವರ ಡೇಟಾ ಖಾಲಿ ಆಗುವುದು ಹೀಗೆ.

ಇದಕ್ಕೆ ಪ್ಲಾನ್ ಬದಲಿಸುವ ಮೊದಲು ಕ್ಯಾಮೆರಾ ಸೆಟ್ಟಿಂಗ್ ಬದಲಿಸಬೇಕು. ಯಾರಾದರೂ ಓಡಾಡಿದಾಗ ಮಾತ್ರ ರೆಕಾರ್ಡ್ ಆಗುವ ‘ಮೋಷನ್’ ಆಯ್ಕೆ ಹಾಕಬಹುದು. ಅಥವಾ ಕ್ಯಾಮೆರಾಕ್ಕೇ ಮೆಮೊರಿ ಕಾರ್ಡ್ ಹಾಕಿ ಅದರಲ್ಲಿ ರೆಕಾರ್ಡ್ ಮಾಡಿಸಬಹುದು.

ಹೋಂ ಸ್ಟೇ ನಡೆಸುವವರು ಅತಿಥಿಗಳಿಗೆ ಕೊಟ್ಟ ಪಾಸ್‌ವರ್ಡ್ ಕಡೆ, ಜೆರಾಕ್ಸ್ ಅಂಗಡಿ, ಹೋಟೆಲ್‌ನವರು ಗಿರಾಕಿಗಳಿಗೆ ಕೊಟ್ಟ ಪಾಸ್‌ವರ್ಡ್ ಕಡೆ ಒಮ್ಮೆ ನೋಡಬೇಕು. ವರ್ಷದ ಹಿಂದೆ ಕೊಟ್ಟ ಪಾಸ್‌ವರ್ಡ್ ಪಕ್ಕದ ಮನೆಯ ಮೂರು ಮೊಬೈಲ್‌ನಲ್ಲಿ ಇವತ್ತೂ ನಡೆಯುತ್ತಿರಬಹುದು.

ಮಿತಿ ಮುಗಿದರೆ ಏನು ನಡೆಯುತ್ತೆ, ಏನು ನಡೆಯಲ್ಲ?

ಮಿತಿ ದಾಟಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದು ಪ್ಲಾನ್ ಮೇಲೆ ಹೋಗುತ್ತದೆ. 2 ಎಂಬಿಪಿಎಸ್, 4 ಎಂಬಿಪಿಎಸ್ ಅಂತ ಇರುವುದು ಮಾಮೂಲು.

2 ಎಂಬಿಪಿಎಸ್‌ನಲ್ಲಿ ಯುಪಿಐ ನಡೆಯುತ್ತದೆ. ಒಂದು ಪಾವತಿಗೆ ಬೇಕಾಗುವ ಡೇಟಾ ತೀರಾ ಕಡಿಮೆ. ಹಣ ಬಂದಿದೆ ಅಂತ ಕೂಗುವ ಸೌಂಡ್ ಬಾಕ್ಸ್‌ಗೆ ಸಾಮಾನ್ಯವಾಗಿ ಅದರೊಳಗೇ ಸಿಮ್ ಇರುತ್ತದೆ, ಅದಕ್ಕೂ ಮನೆ ಲೈನ್‌ಗೂ ಸಂಬಂಧ ಇಲ್ಲ. ವಾಟ್ಸ್‌ಆ್ಯಪ್ ಮೆಸೇಜ್, ಬಿಲ್ಲಿಂಗ್, ಜಿಎಸ್‌ಟಿ ಪೋರ್ಟಲ್ ನಿಧಾನವಾದರೂ ನಡೆಯುತ್ತವೆ. ಆದರೆ 1 ಜಿಬಿ ಫೈಲ್ ಇಳಿಸಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ನಾಲ್ಕು ಕ್ಯಾಮೆರಾ ಒಟ್ಟಿಗೆ ನೋಡುವುದು ಕಷ್ಟ. ಒಬ್ಬರು ಮೀಟಿಂಗ್‌ನಲ್ಲಿ ಇದ್ದಾಗ ಇನ್ನೊಬ್ಬರು ಟಿವಿ ಹಾಕಿದರೆ ಇಬ್ಬರದ್ದೂ ನಿಲ್ಲುತ್ತದೆ.

ಹಾಗಾಗಿ ಯುಪಿಐ ಕೂಡ ನಡೆಯುತ್ತಿಲ್ಲ, ಗೂಗಲ್ ಪೇಜ್ ಕೂಡ ತೆರೆಯುತ್ತಿಲ್ಲ ಅಂದರೆ ಅದನ್ನು ‘ಡೇಟಾ ಖಾಲಿ’ ಅಂತ ಸುಮ್ಮನೆ ಒಪ್ಪಿಕೊಳ್ಳಬೇಕಾಗಿಲ್ಲ. ಲೈನ್‌ನಲ್ಲೇ ತೊಂದರೆ ಇರುವ ಸಾಧ್ಯತೆ ಹೆಚ್ಚು.

ಮಿತಿಯಾ, ಲೈನಾ, ವೈಫೈಯಾ? ಮನೆಯಲ್ಲೇ ನೋಡುವ ವಿಧಾನ

ಇದಕ್ಕೆ ಒಂದು ಲ್ಯಾಪ್‌ಟಾಪ್, ರೂಟರ್‌ಗೆ ಜೋಡಿಸುವ ಲ್ಯಾನ್ ಕೇಬಲ್ ಸಾಕು. ಲ್ಯಾಪ್‌ಟಾಪ್ ಇಲ್ಲದಿದ್ದರೆ ರೂಟರ್ ಪಕ್ಕದಲ್ಲೇ ನಿಂತು ಮೊಬೈಲ್‌ನಲ್ಲಿ ನೋಡಬಹುದು. ಬೇರೆ ಎಲ್ಲ ಮೊಬೈಲ್, ಟಿವಿ, ಕ್ಯಾಮೆರಾ ವೈಫೈ ಬಿಡಿಸಿ ಸ್ಪೀಡ್ ಟೆಸ್ಟ್ ಮಾಡಬೇಕು. ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಹೀಗೆ ಎರಡು ಮೂರು ದಿನ. ಪ್ರತಿ ಸಲವೂ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು.

* ಬೆಳಿಗ್ಗೆಯೂ ರಾತ್ರಿಯೂ ಒಂದೇ ಅಂಕಿ, ಉದಾಹರಣೆಗೆ 2ರ ಹತ್ತಿರ ಅಥವಾ 4ರ ಹತ್ತಿರ ನಿಂತಿದ್ದರೆ, ಮಿತಿ ಮುಗಿದು ಕಂಪನಿ ಸ್ಪೀಡ್ ಇಳಿಸಿರುವ ಲಕ್ಷಣ.
* ಬೆಳಿಗ್ಗೆ ಪೂರ್ತಿ ಸ್ಪೀಡ್, ರಾತ್ರಿ ಮಾತ್ರ ಬಿದ್ದರೆ ದಟ್ಟಣೆ. ಒಂದೇ ಲೈನ್‌ಗೆ ಹೆಚ್ಚು ಮನೆ ಜೋಡಿಸಿರಬಹುದು, ಅಥವಾ ಕಂಪನಿ ಊರಿಗೆ ತಂದ ಬ್ಯಾಂಡ್‌ವಿಡ್ತ್ ಸಾಲದಿರಬಹುದು. ದೊಡ್ಡ ಪ್ಲಾನ್ ಇದಕ್ಕೆ ಮದ್ದಲ್ಲ.
* ಕೇಬಲ್‌ನಲ್ಲಿ ಚೆನ್ನಾಗಿದ್ದು ಒಳಕೋಣೆಯಲ್ಲಿ ಮಾತ್ರ ಸ್ಲೋ ಇದ್ದರೆ ವೈಫೈ ತೊಂದರೆ. ಮಲೆನಾಡಿನ ಜಂಬಿಟ್ಟಿಗೆ ಗೋಡೆ, ದಪ್ಪ ಮಣ್ಣಿನ ಗೋಡೆ ದಾಟುವುದು ವೈಫೈಗೆ ಕಷ್ಟ. ರೂಟರ್ ಜಾಗ ಬದಲಿಸಿದರೆ ಅರ್ಧ ಕೆಲಸ ಆಗುತ್ತದೆ.
* ಒಮ್ಮೆ 80, ಒಮ್ಮೆ 5, ಒಮ್ಮೆ ಪೂರ್ತಿ ಬಂದ್ ಅಂತ ಹಾರಾಡುತ್ತಿದ್ದರೆ ಲೈನ್ ದೋಷ. ಗಾಳಿ ಮಳೆಗೆ ಕೊಂಬೆ ಬಿದ್ದು ಫೈಬರ್ ಬಾಗಿದ್ದರೂ, ಜಾಯಿಂಟ್ ಸಡಿಲ ಆಗಿದ್ದರೂ ಹೀಗಾಗುತ್ತದೆ. ಡಬ್ಬಿಯಲ್ಲಿ ‘ಎಲ್‌ಒಎಸ್’ ಅಂತ ಬರೆದ ಕಡೆ ಕೆಂಪು ದೀಪ ಹತ್ತಿದ್ದರೆ ಸಿಗ್ನಲ್ಲೇ ಬರುತ್ತಿಲ್ಲ ಅಂತ ಅರ್ಥ. ಅದಕ್ಕೂ ಡೇಟಾಕ್ಕೂ ಸಂಬಂಧವೇ ಇಲ್ಲ.

ಒಂದು ಎಚ್ಚರಿಕೆ. ಪ್ಲಾನ್‌ನಲ್ಲಿ ಹೇಳುವ 100 ಎಂಬಿಪಿಎಸ್ ಅಂದರೆ ಮೆಗಾಬಿಟ್. ಫೈಲ್ ಇಳಿಸುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಲೈನ್‌ನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಬಂದರೆ ಲೈನ್ ಸರಿಯಾಗಿಯೇ ಇದೆ. ಇದು ಗೊತ್ತಿಲ್ಲದೆ ಕೇಬಲ್‌ನವರ ಜೊತೆ ಮಾತಿಗೆ ನಿಂತರೆ ಗ್ರಾಹಕರೇ ಸೋಲುತ್ತಾರೆ.

ಕಂಪನಿ ಹೇಳಲೇಬೇಕಾದ್ದು ಏನು?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಈ ವಿಷಯದಲ್ಲಿ 2016ರ ಅಕ್ಟೋಬರ್ 31ರಂದು ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ಅದರ ಪ್ರಕಾರ ಮಿತಿ ಇರುವ ಪ್ರತಿ ಪ್ಲಾನ್‌ಗೂ ಮೂರು ವಿಷಯ ವೆಬ್‌ಸೈಟ್‌ನಲ್ಲೂ ಜಾಹೀರಾತಿನಲ್ಲೂ ಸ್ಪಷ್ಟವಾಗಿ ಇರಬೇಕು. ಎಷ್ಟು ಜಿಬಿವರೆಗೆ ಮಿತಿ, ಅಲ್ಲಿಯವರೆಗೆ ಸ್ಪೀಡ್ ಎಷ್ಟು, ಅದು ದಾಟಿದ ಮೇಲೆ ಸ್ಪೀಡ್ ಎಷ್ಟು.

ಮನೆ ಬ್ರಾಡ್‌ಬ್ಯಾಂಡ್ ಗ್ರಾಹಕರು ಮಿತಿಯ ಶೇ 50, ಶೇ 90 ಮತ್ತು ಶೇ 100 ಮುಟ್ಟಿದಾಗ ಪ್ರತಿ ಸಲವೂ ಎಸ್‌ಎಂಎಸ್ ಅಥವಾ ಇ-ಮೇಲ್ ಮೂಲಕ ತಿಳಿಸಬೇಕು ಅಂತಲೂ ಅದೇ ನಿರ್ದೇಶನದಲ್ಲಿದೆ. ಮಿತಿ ದಾಟಿದ ಮೇಲೂ ಸ್ಪೀಡನ್ನು 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು ಅಂತ ಅದರಲ್ಲಿ ಹೇಳಿದೆ. ಆಗ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಿದ್ದ ಕನಿಷ್ಠ ವೇಗವೂ ಅಷ್ಟೇ ಇತ್ತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗ ಇರಬೇಕು ಅಂತ ವ್ಯಾಖ್ಯೆಯನ್ನೇ ಬದಲಿಸಿದೆ.

ಮೊಬೈಲ್ ಪ್ಯಾಕ್‌ನಲ್ಲಿ ದಿನದ ಡೇಟಾ ಮುಗಿದ ಮೇಲೆ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುವುದು ಎಲ್ಲರಿಗೂ ಗೊತ್ತು. ಅದೇ ಲೆಕ್ಕವನ್ನು ಮನೆಯ ಫೈಬರ್ ಲೈನ್‌ಗೂ ಹೇಳಿದರೆ ಒಪ್ಪಬೇಕಾಗಿಲ್ಲ.

ಮೆಸೇಜ್ ಯಾರ ನಂಬರಿಗೆ ಹೋಗ್ತಿದೆ?

‘ನಮಗೆ ಯಾವ ಮೆಸೇಜೂ ಬಂದಿಲ್ಲ’ ಅನ್ನುವ ಗ್ರಾಹಕರು ಮೊದಲು ನೋಡಬೇಕಾದ್ದು ಖಾತೆಯಲ್ಲಿರುವ ಮೊಬೈಲ್ ನಂಬರ್. ತಾಲ್ಲೂಕು ಊರುಗಳಲ್ಲಿ ಕನೆಕ್ಷನ್ ಕೊಡುವಾಗ ಬೇಗ ಕೆಲಸ ಆಗಲಿ ಅಂತ ಲೈನ್‌ಮನ್ ತನ್ನದೇ ನಂಬರ್ ಹಾಕಿರುವುದುಂಟು. ಅಪ್ಪನ ಹಳೇ ನಂಬರ್ ಇರಬಹುದು, ರೀಚಾರ್ಜ್ ಇಲ್ಲದೆ ನಿಂತ ಸಿಮ್ ಇರಬಹುದು. ಬಾಡಿಗೆ ಅಂಗಡಿಯಾದರೆ ಹಿಂದಿನ ಬಾಡಿಗೆದಾರರ ಹೆಸರಿನಲ್ಲೇ ಲೈನ್ ಮುಂದುವರಿದಿರಬಹುದು.

ಹಾಗಿದ್ದರೆ ಕಂಪನಿಯ ದಾಖಲೆಯಲ್ಲಿ ಎಚ್ಚರಿಕೆ ಕಳಿಸಿದ್ದು ಸರಿಯಾಗಿಯೇ ಇರುತ್ತದೆ. ದೂರು ಕೊಟ್ಟರೂ ಅಲ್ಲೇ ಬಿದ್ದುಹೋಗುತ್ತದೆ. ಇದೊಂದನ್ನು ಸರಿ ಮಾಡಿಸಿಕೊಂಡರೆ ಮುಂದಿನ ಅರ್ಧ ತಲೆನೋವು ಕಡಿಮೆ. ಹೆಸರು, ನಂಬರ್, ಇ-ಮೇಲ್ ಮೂರೂ ಈಗ ಲೈನ್ ಬಳಸುವವರದ್ದೇ ಆಗಿರಬೇಕು. ಆ ನಂಬರ್ ಇದ್ದರೆ ಕಂಪನಿಯ ಆ್ಯಪ್‌ಗೂ ಲಾಗಿನ್ ಆಗಬಹುದು, ದಿನ ದಿನದ ಬಳಕೆ ಅಲ್ಲೇ ಕಾಣುತ್ತದೆ.

ಮಿತಿಯ ಲೆಕ್ಕ ಶುರುವಾಗುವುದು ಒಂದನೇ ತಾರೀಕಿಗೇ ಅಂತಲೂ ಇಲ್ಲ. ಬಹಳ ಪ್ಲಾನ್‌ಗಳಲ್ಲಿ ರೀಚಾರ್ಜ್ ಮಾಡಿಸಿದ ದಿನದಿಂದ ಅಥವಾ ಬಿಲ್ ದಿನಾಂಕದಿಂದ ಎಣಿಸುತ್ತಾರೆ.

ಕಂಪನಿ ಲೆಕ್ಕ ಬೇರೆ, ಮನೆ ಲೆಕ್ಕ ಬೇರೆ ಬಂದರೆ?

ಕರೆಂಟ್ ಮೀಟರ್ ಮನೆ ಗೋಡೆ ಮೇಲೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಡೇಟಾ ಮೀಟರ್ ಇರುವುದು ಕಂಪನಿಯ ಸರ್ವರ್‌ನಲ್ಲಿ. ಹಾಗಾಗಿ ಗ್ರಾಹಕರು ತಮ್ಮದೇ ಲೆಕ್ಕ ಇಟ್ಟುಕೊಳ್ಳದಿದ್ದರೆ ಕಂಪನಿ ಹೇಳಿದ್ದೇ ಸರಿ.

ಆಂಡ್ರಾಯ್ಡ್ ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಡೇಟಾ ಎಷ್ಟು ಹೋಗಿದೆ, ಯಾವ ಆ್ಯಪ್‌ಗೆ ಹೋಗಿದೆ ಅಂತ ನೋಡಬಹುದು. ವಿಂಡೋಸ್ ಕಂಪ್ಯೂಟರ್‌ನಲ್ಲೂ ‘ಡೇಟಾ ಯೂಸೇಜ್’ ಇದೆ. ಕೆಲವು ರೂಟರ್‌ಗಳೇ ಒಟ್ಟು ಬಳಕೆ ತೋರಿಸುತ್ತವೆ, ಆದರೆ ಕರೆಂಟ್ ಹೋಗಿ ಬಂದರೆ ಬಹಳ ರೂಟರ್‌ಗಳಲ್ಲಿ ಲೆಕ್ಕ ಸೊನ್ನೆಗೆ ಬರುತ್ತದೆ. ಮಳೆಗಾಲದಲ್ಲಿ ಅದನ್ನೇ ನಂಬಿಕೊಂಡರೆ ಆಗದು.

ಸುಲಭದ ದಾರಿ ಇಷ್ಟು. ವಾರಕ್ಕೊಮ್ಮೆ, ಉದಾಹರಣೆಗೆ ಪ್ರತಿ ಭಾನುವಾರ, ಕಂಪನಿಯ ಆ್ಯಪ್ ತೆರೆದು ಬಳಕೆಯ ಸ್ಕ್ರೀನ್‌ಶಾಟ್ ತೆಗೆದಿಡುವುದು. ಒಂದು ವಾರ 140 ಜಿಬಿ, ಮರುವಾರ 150, ಅದರ ಮುಂದಿನ ವಾರ ಇದ್ದಕ್ಕಿದ್ದಂತೆ 600 ಅಂತ ಬಂದರೆ ಪ್ರಶ್ನೆ ಕೇಳಲು ಆಧಾರ ಸಿಕ್ಕಿತು. ಅನುಮಾನ ಇದ್ದರೆ ವೈಫೈ ಪಾಸ್‌ವರ್ಡ್ ಬದಲಿಸಿ ಮರುದಿನ ಮತ್ತೆ ನೋಡಬೇಕು. ಬಳಕೆ ಒಮ್ಮೆಲೇ ಇಳಿದರೆ ಡೇಟಾ ಹೋಗುತ್ತಿದ್ದದ್ದು ಹೊರಗಿನ ಮೊಬೈಲ್‌ಗೆ. ಇಳಿಯದಿದ್ದರೆ, ಒಂದು ರಾತ್ರಿ ರೂಟರ್ ಪೂರ್ತಿ ಆಫ್ ಮಾಡಿ ನೋಡಬೇಕು. ಆಫ್ ಇದ್ದ ಹೊತ್ತಿನಲ್ಲೂ ಕಂಪನಿಯ ಲೆಕ್ಕದಲ್ಲಿ ಜಿಬಿಗಟ್ಟಲೆ ಏರಿದ್ದರೆ ಅದು ಕಂಪನಿ ಉತ್ತರ ಕೊಡಬೇಕಾದ ವಿಷಯ. ಆ್ಯಪ್ ಕೆಲವೊಮ್ಮೆ ತಡವಾಗಿ ಲೆಕ್ಕ ತೋರಿಸುತ್ತದೆ, ಹಾಗಾಗಿ ಎರಡು ರಾತ್ರಿ ನೋಡುವುದು ಒಳ್ಳೆಯದು.

ದೂರಿನ ದಾರಿ, ಮೆಟ್ಟಿಲು ಮೆಟ್ಟಿಲಾಗಿ

ಮೊದಲ ಮೆಟ್ಟಿಲು ಊರಿನ ಕೇಬಲ್‌ನವರೇ. ಫೋನ್‌ನಲ್ಲಿ ಮಾತಾಡಿದ್ದನ್ನೇ ವಾಟ್ಸ್‌ಆ್ಯಪ್‌ನಲ್ಲೂ ಬರೆದು ಹಾಕಬೇಕು. ಅವರು ಎಷ್ಟೋ ಸಲ ಕಂಪನಿಯ ಏಜೆಂಟ್ ಮಾತ್ರ, ಸ್ಪೀಡ್ ಇಳಿಸುವುದು ಏರಿಸುವುದು ಅವರ ಕೈಯಲ್ಲಿ ಇರುವುದಿಲ್ಲ. ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಬಿಲ್ ಮೇಲೆ ಯಾವ ಕಂಪನಿಯ ಹೆಸರಿದೆಯೋ ಜವಾಬ್ದಾರಿ ಆ ಕಂಪನಿಯದ್ದು. ಬಿಲ್ಲೇ ಕೊಡುತ್ತಿಲ್ಲ ಅಂದರೆ ಅದನ್ನು ಮೊದಲು ಕೇಳಿ ಪಡೆಯಬೇಕು.

ಎರಡನೆಯದು ಕಂಪನಿಯ ದೂರು ಕೇಂದ್ರ. ಟ್ರಾಯ್‌ನ 2012ರ ದೂರು ಪರಿಹಾರ ನಿಯಮದ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಬೇಕು. ಆ ನಂಬರ್ ಇಲ್ಲದಿದ್ದರೆ ದೂರೇ ಕೊಟ್ಟಿಲ್ಲ ಅಂತ ಲೆಕ್ಕ. ಬರೆಯುವ ದೂರು ಉದ್ದ ಇರಬೇಕಾಗಿಲ್ಲ. ಈ ಥರ ಇದ್ದರೆ ಸಾಕು:

‘ನನ್ನ ಖಾತೆ ಸಂಖ್ಯೆ ಇಷ್ಟು, ಪ್ಲಾನ್ ಇಂಥದ್ದು. ಇಂಥ ದಿನಾಂಕದಿಂದ ಸ್ಪೀಡ್ 2 ಎಂಬಿಪಿಎಸ್‌ಗೆ ಇಳಿದಿದೆ. ಶೇ 50, 90, 100ರ ಎಚ್ಚರಿಕೆ ಸಂದೇಶ ನನ್ನ ನೋಂದಾಯಿತ ನಂಬರಿಗೆ ಬಂದಿಲ್ಲ. ನನ್ನ ಪ್ಲಾನ್‌ನ ಮಿತಿ, ಮಿತಿ ನಂತರದ ಸ್ಪೀಡ್ ಮತ್ತು ಈ ತಿಂಗಳ ದಿನವಾರು ಬಳಕೆಯ ವಿವರವನ್ನು ಬರಹದಲ್ಲಿ ಕೊಡಿ. ಮಿತಿ ಮುಗಿದಿಲ್ಲವಾದರೆ ಲೈನ್ ದೋಷ ಸರಿಪಡಿಸಿ.’

ಕೊನೆಯ ವಾಕ್ಯ ಮುಖ್ಯ. ಮಿತಿ ಮುಗಿದಿದೆ ಅಂತ ಕಂಪನಿ ಹೇಳಿದರೆ ಲೆಕ್ಕ ಕೊಡಬೇಕಾಗುತ್ತದೆ. ಮುಗಿದಿಲ್ಲ ಅಂದರೆ ರಿಪೇರಿ ಮಾಡಬೇಕಾಗುತ್ತದೆ. ಎರಡರ ನಡುವೆ ಜಾರಿಕೊಳ್ಳಲು ಜಾಗ ಇರುವುದಿಲ್ಲ.

ಮೂರನೆಯದು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ದೂರಿಗೆ ಬಂದ ಉತ್ತರ ಸರಿ ಕಾಣದಿದ್ದರೆ, ಅಥವಾ ಗಡುವಿನೊಳಗೆ ಉತ್ತರವೇ ಬರದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಶುಲ್ಕ ಇಲ್ಲ. 39 ದಿನದೊಳಗೆ ತೀರ್ಮಾನ ಆಗಬೇಕು. ಕಂಪನಿಯವರೇ ಕೂತು ತೀರ್ಮಾನಿಸಿದರೆ ನ್ಯಾಯ ಸಿಗುತ್ತಾ ಅನ್ನುವ ಅನುಮಾನ ಸಹಜ. ಅದಕ್ಕೇ ಮೇಲ್ಮನವಿ ನೋಡುವ ಸಲಹಾ ಸಮಿತಿಯಲ್ಲಿ ಗ್ರಾಹಕ ಸಂಘಟನೆಯ ಒಬ್ಬರು ಇರಬೇಕು ಅಂತ ನಿಯಮದಲ್ಲಿದೆ.

ಇಲ್ಲಿಯೂ ಆಗದಿದ್ದರೆ ಕೇಂದ್ರದ ಪಿಜಿ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ದೂರು ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ನೇರವಾಗಿ ಟ್ರಾಯ್‌ಗೆ ಬರೆಯುವವರು ಇದ್ದಾರೆ. ಆದರೆ ಟ್ರಾಯ್ ಒಬ್ಬೊಬ್ಬ ಗ್ರಾಹಕರ ವ್ಯಾಜ್ಯ ತೀರ್ಮಾನಿಸುವುದಿಲ್ಲ, ಬಂದ ಪತ್ರವನ್ನು ಕಂಪನಿಗೇ ಕಳಿಸುತ್ತದೆ.

ಕೊನೆಯ ಮೆಟ್ಟಿಲು ಶಿವಮೊಗ್ಗದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಟೆಲಿಕಾಂ ದೂರು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಅಂತ ಕಂಪನಿಗಳು ವಾದಿಸುತ್ತಿದ್ದ ಕಾಲ ಇತ್ತು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ಗ್ರಾಹಕರು ತಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು.

ಅಂಗಡಿಯವರಿಗೆ ಇಲ್ಲೊಂದು ತೊಡಕು ಇದೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಅಂತ ಕಂಪನಿ ತಕರಾರು ತೆಗೆಯಬಹುದು. ಅಂಗಡಿ ಹೆಸರಿನ ಲೈನ್ ಆಗಿದ್ದರೆ ಆಯೋಗಕ್ಕೆ ಹೋಗುವ ಮೊದಲು ತಿಳಿದವರಲ್ಲಿ ಒಮ್ಮೆ ಕೇಳುವುದು ಒಳ್ಳೆಯದು. ಕಂಪನಿಯೊಳಗಿನ ದೂರು ಮತ್ತು ಮೇಲ್ಮನವಿಗೆ ಈ ತೊಡಕು ಇಲ್ಲ.

ಒಂದು ತಿಂಗಳ 500 ರೂಪಾಯಿಗೆ ಯಾರೂ ಆಯೋಗದ ಮೆಟ್ಟಿಲು ಹತ್ತುವುದಿಲ್ಲ, ಹತ್ತಬೇಕಾಗಿಯೂ ಇಲ್ಲ. ಆದರೆ ಆಫರ್ ಅಂತ ಒಂದು ವರ್ಷದ ಹಣ ಮೊದಲೇ ಕಟ್ಟಿ, ಮೂರನೇ ತಿಂಗಳಿಗೆ ನೆಟ್ ಕೈ ಕೊಟ್ಟವರಿಗೆ ಈ ದಾರಿ ತಿಳಿದಿರಬೇಕು.

ಹೊಸ ಕನೆಕ್ಷನ್‌ಗೆ ಮೊದಲು ಕೇಳಬೇಕಾದ್ದು

ಅಡ್ವಾನ್ಸ್ ಕೊಡುವ ಮೊದಲು ಈ ಪ್ರಶ್ನೆಗಳನ್ನು ವಾಟ್ಸ್‌ಆ್ಯಪ್‌ನಲ್ಲೇ ಕೇಳಿ, ಉತ್ತರವನ್ನೂ ಅಲ್ಲೇ ತೆಗೆದುಕೊಂಡರೆ ಮುಂದೆ ಅದೇ ದಾಖಲೆ.

* ತಿಂಗಳ ಮಿತಿ ಎಷ್ಟು ಜಿಬಿ? ಅಪ್‌ಲೋಡ್ ಸೇರಿದೆಯಾ?
* ಮಿತಿ ಮುಗಿದ ಮೇಲೆ ಸ್ಪೀಡ್ ಎಷ್ಟು?
* ಲೆಕ್ಕ ಯಾವ ತಾರೀಕಿಗೆ ಹೊಸದಾಗಿ ಶುರುವಾಗುತ್ತದೆ?
* ಮಧ್ಯದಲ್ಲಿ ಮುಗಿದರೆ ಟಾಪ್-ಅಪ್ ಸಿಗುತ್ತದೆಯಾ, ಎಷ್ಟು?
* ಆರು ತಿಂಗಳು, ವರ್ಷದ ಪ್ಲಾನ್ ಆದರೆ ಮಿತಿ ತಿಂಗಳಿಗಾ, ಒಟ್ಟು ಅವಧಿಗಾ? ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಇದೆಯಾ?
* ಹೇಳಿದ ಬೆಲೆಗೆ ಶೇ 18 ಜಿಎಸ್‌ಟಿ ಸೇರಿದೆಯಾ?
* ಬಿಲ್ ಯಾವ ಕಂಪನಿಯ ಹೆಸರಲ್ಲಿ ಬರುತ್ತದೆ?

ಈಗಾಗಲೇ ಲೈನ್ ಇರುವವರೂ ಮೊದಲ ಮೂರನ್ನು ಕೇಳಿ ಬರೆದಿಟ್ಟುಕೊಳ್ಳಬಹುದು. ಕೇಬಲ್ ಅಣ್ಣನ ಹತ್ತಿರ ಇದನ್ನು ಕೇಳುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ಅಡಿಕೆ ಮಂಡಿಯಲ್ಲಿ ತೂಕದ ಚೀಟಿ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇದೂ ಹಾಗೇ.

ಇವತ್ತೇ ಮಾಡಬಹುದಾದ ಕೆಲಸ ಒಂದೇ ಒಂದು ಅಂದರೆ, ಕಂಪನಿಯ ಆ್ಯಪ್ ತೆರೆದು ಖಾತೆಯಲ್ಲಿರುವ ಮೊಬೈಲ್ ನಂಬರ್ ತಮ್ಮದೇನಾ ಅಂತ ನೋಡುವುದು. ಅಲ್ಲದಿದ್ದರೆ ಮೊದಲು ಅದನ್ನು ಬದಲಿಸಿಕೊಳ್ಳುವುದು.